ತಂದೆಯವರ ಮೋರಿಸ್ ಮೈನರ್ ಮತ್ತು ಒಂದು ನಕಲಿ ಸಿಲಿಂಡರ್

ನಮ್ಮ ತಂದೆಯವರು ಬಸವನಗುಡಿಯ ಒಬ್ಬ ವೈದ್ಯರ ಬಳಿ ಇಪ್ಪತ್ತೆರಡು ವರ್ಷ ಕಾರು ಚಾಲಕರಾಗಿದ್ದರು. ಆ ವೈದ್ಯರು ಇಂಗ್ಲೆಂಡಿನಲ್ಲಿ ಓದು ಮುಗಿಸಿ ಮರಳುವಾಗ ಹಡಗಿನಲ್ಲಿ ತಂದಿದ್ದ ಕಾರು ಅದು. 1959ರ ಮೋರಿಸ್ ಮೈನರ್ 1000. 1987ರಲ್ಲಿ ಅವರು ಮಕ್ಕಳ ಬಳಿ ನೆಲೆಸಲು ಅಮೆರಿಕಕ್ಕೆ ಹೊರಟರು. ಮನೆಯ ಸಾಮಾನುಗಳನ್ನೆಲ್ಲ ಮಾರಿದವರು ಕಾರನ್ನು ಮಾತ್ರ ಮಾರಲಿಲ್ಲ. ಕಾಗದಪತ್ರಗಳ ಸಮೇತ ಅದನ್ನು ತಂದೆಯವರ ಕೈಗಿತ್ತು, "ಇದನ್ನು ನನಗಿಂತ ನೀನೇ ಚೆನ್ನಾಗಿ ಬಲ್ಲೆ" ಎಂದರಂತೆ. ಅಂದಿನಿಂದ ಗುರಪ್ಪನಪಾಳ್ಯದ ನಮ್ಮ ಮನೆಯ ಪಕ್ಕದ ಸಂದಿಯಲ್ಲಿ ಅದು ನಿಂತಿತು.

ಪ್ರತಿ ಗುರುವಾರ ಅಸರ್ ನಮಾಝಿನ ನಂತರ ತಂದೆಯವರು ಕಾರಿನ ಬಾಗಿಲು ತೆರೆದು, ಚಾಲಕನ ಕಾಲಡಿಯ ಕಂಬಳಿಯನ್ನು ಸರಿಸಿ, ನೆಲದ ತಗಡಿನ ಮುಚ್ಚಳವನ್ನು ಎತ್ತಿ, ಒಳಗೆ ಇಣುಕುತ್ತಿದ್ದುದು ನಮ್ಮ ಬಾಲ್ಯದ ನೆನಪು. ಅದೇನು ನೋಡುತ್ತಾರೆಂದು ನಾವು ಕೇಳಿದ್ದಿಲ್ಲ. ಬಹಳ ಕಾಲದ ಮೇಲೆ ತಿಳಿಯಿತು. ಮೋರಿಸ್ ಮೈನರಿನ ಬ್ರೇಕಿನ ಮಾಸ್ಟರ್ ಸಿಲಿಂಡರ್ ಬಾನೆಟ್ಟಿನ ಕೆಳಗಿಲ್ಲ, ಚಾಲಕನ ಪಾದದ ಅಡಿಯಲ್ಲಿ, ಚಾಸಿಯ ತೊಲೆಯೊಳಗಿದೆ. ಬ್ರೇಕ್ ಆಯಿಲ್ ಎಷ್ಟಿದೆಯೆಂದು ತಿಳಿಯಬೇಕಾದರೆ ಕಂಬಳಿ ಎತ್ತಲೇಬೇಕು. ಎತ್ತಲು ಬೇಸರಪಟ್ಟವನಿಗೆ ಆಯಿಲ್ ಮುಗಿದದ್ದು ಗೊತ್ತಾಗುವುದು ಪೆಡಲು ಒತ್ತಿದಾಗಲೇ.

ತಂದೆಯವರು ಅಲ್ಲಾಹನ ಕರೆಗೆ ಓಗೊಟ್ಟು ಆರು ವರ್ಷಗಳಾದವು. ಅವರು ಬಿಟ್ಟುಹೋದ ಆಸ್ತಿ ಎಂದರೆ ಆ ಕಾರು ಒಂದೇ, ಮನೆ ಬಾಡಿಗೆಯದು. ವಾರೀಸುದಾರರು ನಾವು, ನಮ್ಮ ತಮ್ಮ, ನಮ್ಮ ತಂಗಿ. ತಾಯಿಯವರು ಮೊದಲೇ ತೀರಿಕೊಂಡಿದ್ದರು. ಮೃತರ ಆಸ್ತಿಯ ಹಂಚಿಕೆಯನ್ನು ತಡಮಾಡಬಾರದೆಂದು ಮದ್ರಸದ ಮಕ್ಕಳಿಗೆ ಪಾಠ ಹೇಳುವ ನಾವೇ ಆರು ವರ್ಷ ತಡಮಾಡಿದೆವು. ಟಾರ್ಪಾಲಿನ ಕೆಳಗೆ ಕಾರು ತುಕ್ಕು ಹಿಡಿಯುತ್ತಿತ್ತು, ಅದರೊಡನೆ ತಂಗಿಯ ಪಾಲೂ ತುಕ್ಕು ಹಿಡಿಯುತ್ತಿತ್ತು. ಕಳೆದ ವರ್ಷ ಆಕೆ ಇಲ್ಯಾಸ್ ನಗರದಲ್ಲಿ ಒಂದು ಮನೆಯನ್ನು ಲೀಸಿಗೆ ಹಿಡಿಯಬೇಕಾಗಿ ಬಂದಾಗ, "ಭಾಯ್, ಅಬ್ಬಾರ ಗಾಡಿ ಏನಾಯಿತು?" ಎಂದು ಒಂದೇ ಮಾತು ಕೇಳಿದಳು. ನಮಗೆ ಅಷ್ಟು ಸಾಕಾಯಿತು.

ಜೆ.ಪಿ. ನಗರದ ಒಬ್ಬ ನಿವೃತ್ತ ಇಂಜಿನಿಯರರು ಕೊಳ್ಳಲು ಮುಂದೆ ಬಂದರು. ಹಳೆಯ ಕಾರುಗಳ ಮೋಹವುಳ್ಳವರು. ಅವರ ಷರತ್ತು ಎರಡೇ: ಗಾಡಿ ತನ್ನ ಕಾಲ ಮೇಲೆ ಓಡಬೇಕು, ಭಾಗಗಳೆಲ್ಲ ಆ ಗಾಡಿಗೆ ಹುಟ್ಟಿನಿಂದ ಸೇರಿದಂಥವೇ ಆಗಿರಬೇಕು. 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮ ಮಾಡಿದೆ. ಚಾಸಿ, ಬಾಡಿ, ಎಂಜಿನ್‌ಗಳನ್ನು ಗಣನೀಯವಾಗಿ ಬದಲಿಸಿರಬಾರದೆಂಬುದು ಅದರ ತಿರುಳು. ಅಂಥ ಗಾಡಿಯ ಸಂಖ್ಯೆಯ ನಡುವೆ 'ವಿಎ' ಎಂಬ ಅಕ್ಷರಗಳಿರುತ್ತವೆ. ಆ ಫಲಕ ತಮ್ಮ ಮನೆಯಂಗಳದಲ್ಲಿ ಇರಬೇಕೆಂಬುದು ಅವರ ಆಸೆ. ಮೂರು ಲಕ್ಷಕ್ಕೆ ಮಾತಾಯಿತು. ಬ್ರೇಕಿನ ಬಗ್ಗೆ ನಿಯಮ ಅಷ್ಟು ಬಿಗಿಯಾಗಿಲ್ಲವಲ್ಲ, ಮುಂದಿನ ಚಕ್ರಗಳಿಗೆ ಈಗಿನ ಕಾರುಗಳ ಡಿಸ್ಕ್ ಬ್ರೇಕು ಕೂರಿಸಿದರೆ ಆಗದೇ ಎಂದು ನಮ್ಮ ಮಗ ಕೇಳಿದ. ಬೆಂಗಳೂರಿನ ಸಂಚಾರದಲ್ಲಿ ದಿನವೂ ಓಡಿಸುವವನಿಗೆ ಅದು ತಪ್ಪಲ್ಲವೆಂದೇ ನಮ್ಮ ಅಭಿಪ್ರಾಯ. ಆದರೆ ಕೊಳ್ಳುವವರು ಒಪ್ಪಲಿಲ್ಲ.

ಹೀಗೆ ಕಾರು ತಿಲಕ್ ನಗರದ ಒಂದು ಚಿಕ್ಕ ಗ್ಯಾರೇಜು ಸೇರಿತು. ಅಲ್ಲಿನ ಮುಖ್ಯ ಮೆಕ್ಯಾನಿಕರಿಗೆ ಅರವತ್ತು ದಾಟಿದೆ. ಎಲ್ಲರೂ ಅವರನ್ನು 'ಉಸ್ತಾದ್' ಎನ್ನುತ್ತಾರೆ. ಇಪ್ಪತ್ತು ವರ್ಷ ಪಾಠ ಹೇಳಿದ ನಾವು ಅಲ್ಲಿ ಬರೀ 'ಹಝ್ರತ್'. ಉಸ್ತಾದ್ ಪದವಿ ಸ್ಪ್ಯಾನರ್ ಹಿಡಿದವರಿಗೇ ಮೀಸಲು. ಅದು ನ್ಯಾಯವೂ ಹೌದು.

ಮೊದಲ ದಿನ ಡ್ರಮ್ ಬಿಚ್ಚಿದಾಗ ಒಳಗಿನ ಕಪ್ಪು ಧೂಳನ್ನು ಗಾಳಿಯ ಪೈಪಿನಿಂದ ಊದಲು ಹೊರಟ ಹುಡುಗನನ್ನು ಉಸ್ತಾದರು ಗದರಿಸಿ ನಿಲ್ಲಿಸಿದರು. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು, ಎಂದರೆ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಧೂಳು ಶ್ವಾಸಕೋಶವನ್ನು ಹೊಕ್ಕರೆ ದಶಕಗಳ ನಂತರ ಕ್ಯಾನ್ಸರ್ ಆಗಿ ಎದುರಾಗಬಹುದು. ಅವರು ನೀರಿನಿಂದ ನೆನೆಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿಸಿದರು. ತಮ್ಮ ಗುರುವಿಗೆ ಇದನ್ನು ಹೇಳುವವರು ಯಾರೂ ಇರಲಿಲ್ಲವೆಂದಷ್ಟೇ ಹೇಳಿದರು. ಮುಂದೆ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಈ ಬ್ರೇಕಿನ ರಚನೆಯನ್ನು ಸ್ವಲ್ಪ ಹೇಳಬೇಕು, ಇಲ್ಲವಾದರೆ ಮುಂದಿನದು ಅರ್ಥವಾಗದು. ಪೆಡಲು ಒತ್ತಿದಾಗ ಮಾಸ್ಟರ್ ಸಿಲಿಂಡರಿನ ಆಯಿಲ್ ನಳಿಕೆಗಳ ಮೂಲಕ ನಾಲ್ಕೂ ಚಕ್ರಗಳಿಗೆ ಒತ್ತಡವನ್ನು ಒಯ್ಯುತ್ತದೆ. ಚಕ್ರದಲ್ಲಿರುವ ಚಿಕ್ಕ ಸಿಲಿಂಡರುಗಳು ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಅದುಮುತ್ತವೆ. ಮೋರಿಸ್ ಮೈನರಿನಲ್ಲಿ ಮುಂದಿನ ಒಂದೊಂದು ಚಕ್ರಕ್ಕೆ ಎರಡೆರಡು, ಹಿಂದಿನದಕ್ಕೆ ಒಂದೊಂದು, ಒಟ್ಟು ಆರು. ಮುಂದಿನ ಜೋಡಿಗಳನ್ನು ಒಂದು ಚಿಕ್ಕ ನಳಿಕೆ ಬೆಸೆಯುತ್ತದೆ. ಈಗಿನ ಕಾರುಗಳಲ್ಲಿ ಒತ್ತಡದ ಹಾದಿ ಎರಡಾಗಿ ಕವಲೊಡೆದಿರುತ್ತದೆ. ಒಂದು ಕೈಕೊಟ್ಟರೆ ಇನ್ನೊಂದು ಉಳಿಯುತ್ತದೆ. ಅಂದಿನ ಗಾಡಿಯಲ್ಲಿ ಹಾದಿ ಒಂದೇ. ಏಳು ಸಿಲಿಂಡರುಗಳಲ್ಲಿ ಎಲ್ಲಿ ಸೋರಿದರೂ ನಾಲ್ಕು ಚಕ್ರಗಳೂ ಒಟ್ಟಿಗೇ ಬಿಡುಗಡೆ.

ಇದನ್ನು ಕಾರಿಗೆ ಅಳವಡಿಸಿದ ಕೀರ್ತಿ ಅಮೆರಿಕದ ಮಾಲ್ಕಮ್ ಲಾಕ್‌ಹೀಡರಿಗೆ ಸಲ್ಲುತ್ತದೆ. ವಿಮಾನ ಕಂಪನಿಯ ಸ್ಥಾಪಕ ಅಲನ್ ಅವರ ಸೋದರ. ನಾಲ್ಕೂ ಚಕ್ರಕ್ಕೆ ಇಂಥ ಬ್ರೇಕಿದ್ದ ಡ್ಯೂಸನ್‌ಬರ್ಗ್ ಕಾರು 1921ರಲ್ಲಿ ಮಾರಾಟಕ್ಕೆ ಬಂದಿತು. ಇಂಗ್ಲೆಂಡಿನಲ್ಲಿ ಲಾಕ್‌ಹೀಡ್ ಬ್ರೇಕುಗಳು ಲೆಮಿಂಗ್ಟನ್ ಸ್ಪಾ ಎಂಬ ಊರಿನಲ್ಲಿ ತಯಾರಾಗುತ್ತಿದ್ದವು. ನಮ್ಮ ಕಾರಿನ ಸಿಲಿಂಡರುಗಳ ಮೇಲೆಯೂ ಆ ಹೆಸರಿದೆ. ಇಂಥ ವಿಷಯ ಬಂದಾಗ 1206ರಲ್ಲಿ ಯಂತ್ರಗಳ ಗ್ರಂಥ ಬರೆದು ಮುಗಿಸಿದ ಅಲ್-ಜಝರಿಯ ಹೆಸರನ್ನು ತರುವ ರೂಢಿ ನಮ್ಮ ಬರಹಗಾರರಲ್ಲಿದೆ. ಅವನ ಮೇಲೆ ನಮಗೂ ಅಭಿಮಾನವಿದೆ, ಆದರೆ ಮೋರಿಸ್ ಮೈನರಿನ ಬ್ರೇಕಿಗೆ ಅವನನ್ನು ಕಟ್ಟಿಹಾಕುವುದು ಅನ್ಯಾಯ.

ನಮ್ಮ ಗಾಡಿಯಲ್ಲಿ ಎಡ ಮುಂಚಕ್ರದ ಎರಡು ಸಿಲಿಂಡರುಗಳು ತುಕ್ಕಿನಿಂದ ಕಚ್ಚಿಕೊಂಡು, ಬಿಚ್ಚುವಾಗ ಒಡೆದುಹೋದವು. ಮಾಸ್ಟರ್ ಸಿಲಿಂಡರಿನ ಒಳಗೋಡೆ ಸಿಡುಬಿನ ಮುಖದಂತಾಗಿತ್ತು. ಅದನ್ನು ಹೊರತೆಗೆಯುವುದೇ ಒಂದು ದಿನದ ಕೆಲಸ. ಅದರ ಬೋಲ್ಟುಗಳನ್ನು ಎಳೆಯಲು ಹೋದರೆ ಮುಂದಿನ ಸಸ್ಪೆನ್ಷನ್ನಿನ ಟಾರ್ಷನ್ ಬಾರ್ ಅಡ್ಡ ಬರುತ್ತದೆ. ಒಳಗಿದ್ದ ಬ್ರೇಕ್ ಆಯಿಲ್ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದೆಂದು ಮಾನದಂಡವಿದೆ. ನೀರು ಹೀರಿದ್ದಕ್ಕೆ ಅದೇ ಮಾನದಂಡ 155ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕು ಬಿಸಿಯೇರಿ ಆಯಿಲ್ ಕುದಿದರೆ ನಳಿಕೆಯಲ್ಲಿ ಆವಿಯ ಗುಳ್ಳೆ, ಪೆಡಲಿನಲ್ಲಿ ಹತ್ತಿ. ಆಯಿಲ್ ಎಂಬ ಹೆಸರನ್ನು ನಂಬಿ ಎಂಜಿನ್ ಆಯಿಲನ್ನು ಸುರಿದರೆ ರಬ್ಬರ್ ಕಪ್ಪುಗಳು ಊದಿ ಕೆಟ್ಟುಹೋಗುತ್ತವೆ. ಅಂಥ ಗಾಡಿಗಳನ್ನೂ ಉಸ್ತಾದರು ನೋಡಿದ್ದಾರೆ.

ಭಾಗಗಳಿಗಾಗಿ ಜೆ.ಸಿ. ರಸ್ತೆಗೆ ಹೋದೆವು. ಬೆಂಗಳೂರಿನಲ್ಲಿ ವಾಹನದ ಯಾವ ಭಾಗ ಬೇಕಾದರೂ ಮೊದಲು ಹೋಗುವುದು ಅಲ್ಲಿಗೇ. ಮೂರನೆಯ ಅಂಗಡಿಯ ಯಜಮಾನರು, "ಯಾವ ಇಸವಿ ಸಾರ್?" ಎಂದು ಕೇಳಿದರು. ಆ ಪ್ರಶ್ನೆಯ ಬೆಲೆ ನಮಗೆ ಆಗ ತಿಳಿಯಲಿಲ್ಲ. 1962ರಲ್ಲಿ ಎಂಜಿನ್ 948ರಿಂದ 1098 ಸಿಸಿಗೆ ಏರಿದಾಗ ಮುಂದಿನ ಡ್ರಮ್ಮುಗಳೂ ಏಳರಿಂದ ಎಂಟು ಅಂಗುಲಕ್ಕೆ ಏರಿದವು. ಹಾಗಾಗಿ ಮೋರಿಸ್ ಮೈನರಿನ ಅಪ್ಪಟ ಅಸಲಿ ಶೂ ಕೂಡ ಇಸವಿ ತಪ್ಪಿದರೆ ನಮ್ಮ ಗಾಡಿಗೆ ನಿರುಪಯೋಗಿ. ಅವರ ಬಳಿ ಇದ್ದದ್ದು ಎಂಟು ಅಂಗುಲದ್ದು. ಕೈಗೆ ಬಂದ ವ್ಯಾಪಾರವನ್ನು ಬಿಟ್ಟು, "ನಿಮ್ಮದಕ್ಕೆ ಆಗೋಲ್ಲ, ಹಳೇ ಶೂಗೇ ಲೈನರ್ ಹಾಕಿಸಿ" ಎಂದು ಕಳುಹಿಸಿದರು. ಅವರಿಗೆ ನಾವು ಇಂದಿಗೂ ದುಆ ಮಾಡುತ್ತೇವೆ.

ಇನ್ನೊಂದು ಕಡೆ ವೀಲ್ ಸಿಲಿಂಡರುಗಳು ಸಿಕ್ಕವು. ಹಳೆಯ ಶೈಲಿಯ ಡಬ್ಬಿ, ಅದರ ಮೇಲೆ ಲಾಕ್‌ಹೀಡ್ ಎಂಬ ಅಚ್ಚು. ಒಂದಕ್ಕೆ 1,800 ರೂಪಾಯಿ. ಹಳೆಯ ದಾಸ್ತಾನು, ಒರಿಜಿನಲ್ ಎಂದು ಮಾರಿದವನು ಖಚಿತವಾಗಿ ಹೇಳಿದ. ಎರಡನ್ನು ಕೊಂಡು ತಂದೆವು. ಉಸ್ತಾದರು ತಿರುಗಿಸಿ ತಿರುಗಿಸಿ ನೋಡಿ, "ತೂಕ ಸ್ವಲ್ಪ ಕಡಿಮೆ ಇದೆ ಹಝ್ರತ್" ಎಂದರು. ನಮಗೆ ಕೆಲಸ ಮುಗಿಯುವ ಆತುರ. ಮಾಸ್ಟರ್ ಸಿಲಿಂಡರಿಗೆ ಹೊಸ ರಬ್ಬರು ಹಾಕಿ, ಸದ್ಯಕ್ಕೆ ಉಜ್ಜಿ ಹೊಳಪಿಸಿ, ಗಾಡಿ ಹೊರಗಿಳಿಸಿದೆವು.

ಮರುದಿನ ಫಜ್ರ್ ನಮಾಝಿನ ನಂತರ, ರಸ್ತೆ ಖಾಲಿಯಿರುವಾಗಲೇ, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬನಶಂಕರಿ ಎರಡನೆಯ ಹಂತದ ಕಡೆ ಹೊರಟೆವು. ನಾಲ್ಕಾರು ಬಾರಿ ಬ್ರೇಕು ಚೆನ್ನಾಗಿ ಹಿಡಿಯಿತು. ಒಂದು ಇಳಿಜಾರಿನಲ್ಲಿ ಹಾಲಿನವನ ಸೈಕಲ್ ಅಡ್ಡ ಬಂದಾಗ ಜೋರಾಗಿ ಒತ್ತಿದೆವು. ಪೆಡಲು ನೆಲ ಮುಟ್ಟಿತು. ಮತ್ತೆ ಎತ್ತಿ ಒತ್ತಿದರೆ ಏನೂ ಇಲ್ಲ. ಸುಮಾರು ಮುಕ್ಕಾಲು ಟನ್ನಿನ ಗಾಡಿ ನಮ್ಮ ಮಾತು ಕೇಳದೆ ಇಳಿಯುತ್ತಿತ್ತು. ಹ್ಯಾಂಡ್ ಬ್ರೇಕು ಈ ಆಯಿಲಿನ ಹಂಗಿನಲ್ಲಿಲ್ಲ. ಅದು ತಂತಿಯಿಂದ ಹಿಂದಿನ ಚಕ್ರಗಳನ್ನು ಹಿಡಿಯುತ್ತದೆ. ಅದನ್ನು ಎಳೆದು, ಗೇರು ಇಳಿಸಿ, ಮನೆ ಕಟ್ಟಲು ಸುರಿದಿದ್ದ ಮರಳ ರಾಶಿಗೆ ಮೂತಿ ಹೊಗಿಸಿ ನಿಲ್ಲಿಸಿದೆವು. ಸೈಕಲ್ಲಿನವನು ತಿರುಗಿಯೂ ನೋಡದೆ ಹೋದ. ಅವನಿಗೆ ಗೊತ್ತೇ ಆಗಲಿಲ್ಲ. ಮಗ ಸ್ವಲ್ಪ ಹೊತ್ತಿನ ಮೇಲೆ, "ಅಬ್ಬಾ, ಕೈ ಬಿಡಿ" ಎಂದ. ನಾವು ಹ್ಯಾಂಡ್ ಬ್ರೇಕನ್ನು ಇನ್ನೂ ಎಳೆದು ಹಿಡಿದೇ ಇದ್ದೆವು.

ಎಡ ಮುಂಚಕ್ರದ ಬೆಸುಗೆ ನಳಿಕೆಯ ನಟ್ಟು ಸಿಲಿಂಡರಿನಿಂದ ಕಿತ್ತು ಬಂದಿತ್ತು. ಉಸ್ತಾದರು ಬಾಚಣಿಗೆಯಂಥ ಹಲ್ಲುಗಳಿರುವ ಥ್ರೆಡ್ ಗೇಜನ್ನು ತಂದು ನಮ್ಮ ಕಣ್ಣ ಮುಂದೆಯೇ ಇಟ್ಟು ನೋಡಿದರು. ಹಳೆಯ ಇಂಗ್ಲಿಷ್ ಗಾಡಿಯ ಈ ನಟ್ಟು ಮೂರೆಂಟಾಂಶ ಅಂಗುಲ, ಎಂದರೆ ಸುಮಾರು ಒಂಬತ್ತೂವರೆ ಮಿಲಿಮೀಟರ್ ದಪ್ಪ. ಅಂಗುಲಕ್ಕೆ 24 ಸುತ್ತು ಚೂಡಿ. ನಕಲಿ ಮಾಡಿದವನು ತನ್ನ ಬಳಿಯಿದ್ದ ಹತ್ತು ಮಿಲಿಮೀಟರಿನ ಮೆಟ್ರಿಕ್ ಚೂಡಿಯನ್ನು ಕೊರೆದಿದ್ದ. ಸುತ್ತಿನಿಂದ ಸುತ್ತಿಗೆ ಅಂತರ ಒಂದರಲ್ಲಿ 1.058 ಮಿಲಿಮೀಟರ್, ಇನ್ನೊಂದರಲ್ಲಿ 1. ಕಣ್ಣಿಗೆ ಎರಡೂ ಒಂದೇ. ಚಿಕ್ಕ ನಟ್ಟು ದೊಡ್ಡ ತೂತಿನೊಳಗೆ ಸಲೀಸಾಗಿ ಇಳಿಯುತ್ತದೆ, ಬಿಗಿಯಾದಂತೆಯೂ ತೋರುತ್ತದೆ. ಆದರೆ ಹಿಡಿತವೆಲ್ಲ ಹಲ್ಲಿನ ತುದಿಯಲ್ಲಷ್ಟೇ. "ಕೈಗೆ ಸಡಿಲ ಅನ್ನಿಸಿತ್ತು. ಟೇಪು ಸುತ್ತಿ ಬಿಗಿದೆ. ತಪ್ಪು ನನ್ನದು ಹಝ್ರತ್" ಎಂದು ಉಸ್ತಾದರು ಹುಡುಗರ ಎದುರಿಗೇ ಹೇಳಿದರು. ನಲವತ್ತು ವರ್ಷ ಕೆಲಸ ಮಾಡಿದವರು ಹಾಗೆ ಹೇಳುವುದನ್ನು ಕೇಳಿ ನಮಗೆ ಬೈಯುವ ಮಾತೇ ಬರಲಿಲ್ಲ. ತೂಕ ಕಡಿಮೆಯೆಂದು ಅವರು ಹೇಳಿದ್ದನ್ನು ಕೇಳದವರು ನಾವು. ಮಾರಿದವನ ಬಳಿಗೆ ಹೋದರೆ, ಡಬ್ಬಿ ಒಡೆದ ಮೇಲೆ ವಾಪಸಿಲ್ಲ ಎಂದ.

ಇಲ್ಲಿ ಒಂದು ಮಾತು. 'ಅಸಲಿ', 'ನಕಲಿ' ಎರಡೂ ಅರಬಿಯಿಂದ ನಮ್ಮ ಕನ್ನಡಕ್ಕೆ ಬಂದು ನೆಲೆಸಿದ ಪದಗಳು. ಅಸ್ಲ್ ಎಂದರೆ ಬೇರು. ಸಾಲದ ಮೂಲಧನವನ್ನು ನಾವು ಅಸಲು ಎನ್ನುವುದೂ ಅದರಿಂದಲೇ. ನಕ್ಲ್ ಎಂದರೆ ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವುದು. ಪೇಟೆಯಲ್ಲಿ ನಕಲಿ ಎಂದರೆ ಮೋಸ. ಮದ್ರಸದಲ್ಲಾದರೋ 'ನಕ್ಲಿ' ವಿದ್ಯೆಗಳೆಂದರೆ ಗುರುವಿನಿಂದ ಶಿಷ್ಯನಿಗೆ ಹೇಳಿಕೆಯ ಸರಪಳಿಯಲ್ಲಿ ಸಾಗಿ ಬಂದ ವಿದ್ಯೆಗಳು. ಅವಕ್ಕೆ ಗೌರವ ಹೆಚ್ಚು. ವ್ಯತ್ಯಾಸವಿಷ್ಟೇ: ಅಲ್ಲಿ ಯಾರಿಂದ ಯಾರಿಗೆ ಬಂತೆಂದು ಹೆಸರು ಹೆಸರಾಗಿ ಹೇಳಬೇಕು. ಆ ಡಬ್ಬಿಯ ಸಿಲಿಂಡರ್ ಯಾರ ಲೇತಿನಿಂದ ಬಂತೆಂದು ಹೇಳುವವರು ಯಾರೂ ಇರಲಿಲ್ಲ.

ಆಮೇಲಿನ ಹುಡುಕಾಟ ಎರಡು ತಿಂಗಳು ನಡೆಯಿತು. ಶಿವಾಜಿನಗರದ ಗುಜರಿಯಲ್ಲಿ ಹಳೆಯ ಕಬ್ಬಿಣದ ರಾಶಿಯೊಳಗಿಂದ ಲಾಕ್‌ಹೀಡ್ ಎಂದು ಎರಕದಲ್ಲೇ ಮೂಡಿದ್ದ ಒಂದು ಸಿಲಿಂಡರ್ ಸಿಕ್ಕಿತು. ಅಚ್ಚಾದ ಡಬ್ಬಿಗಿಂತ ಎರಕದ ಅಕ್ಷರ ಮೇಲೆಂದು ಅಷ್ಟರಲ್ಲಿ ಕಲಿತಿದ್ದೆವು. ಚೂಡಿ ಸರಿಯಿತ್ತು. ಒಳಗೋಡೆ ಮಾತ್ರ ಸವೆದಿತ್ತು. ಲೇತಿನವರು ಅದನ್ನೂ ಮಾಸ್ಟರ್ ಸಿಲಿಂಡರನ್ನೂ ಒಳಗೆ ಕೊರೆದು, ತುಕ್ಕು ಹಿಡಿಯದ ಉಕ್ಕಿನ ಸ್ಲೀವ್ ಕೂರಿಸಿ, ಮೊದಲಿನ ಅಳತೆಗೇ ತಂದರು. ಮಾಸ್ಟರ್ ಸಿಲಿಂಡರಿನದು ಏಳೆಂಟಾಂಶ ಅಂಗುಲ. ಮೆಟ್ರಿಕ್ಕಿನ 22ಕ್ಕೆ ಅದು ಹತ್ತಿರ, ಆದರೆ ಒಂದೇ ಅಲ್ಲ. ರಬ್ಬರ್ ಕಪ್ಪುಗಳನ್ನು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಅಣ್ಣ ಇಂಗ್ಲೆಂಡಿನಿಂದ ರಜೆಗೆ ಬರುವಾಗ ಅಂಗಿಯ ಜೇಬಿನಲ್ಲಿ ತಂದುಕೊಟ್ಟ. ಹೊರಮೈ ಹಳೆಯದು, ಒಳಮೈ ಹೊಸದು. ಇದು ಅಸಲಿಯೇ ಎಂದು ಕೇಳಿದರೆ ಹೌದೆನ್ನುತ್ತೇವೆ, ಬೇರು ಅದೇ ಇದೆ.

ಆದರೆ ಎಡ ಮುಂಚಕ್ರಕ್ಕೆ ಎರಡು ಬೇಕಿತ್ತು, ಸಿಕ್ಕಿದ್ದು ಒಂದೇ. ಕೊಂಡು ತಂದ ಎರಡು ನಕಲಿಗಳಲ್ಲಿ ಇನ್ನೊಂದನ್ನು ಗೇಜಿನಲ್ಲಿ ನೋಡಿದರೆ, ವಿಚಿತ್ರವೆಂಬಂತೆ, ಅದರ ಚೂಡಿ ಸರಿಯಾಗಿಯೇ ಇತ್ತು. ಉಸ್ತಾದರು ಅದನ್ನೇ ಹಾಕಿ, ಪೆಡಲಿನ ಮೇಲೆ ರಾತ್ರಿಯಿಡೀ ಭಾರವಿಟ್ಟು ಪರೀಕ್ಷಿಸಿದರು. ಸೋರಲಿಲ್ಲ. "ಓಡುತ್ತೆ. ಎಷ್ಟು ವರ್ಷ ಅಂತ ಕೇಳಬೇಡಿ" ಎಂದರು. ಕಪ್ಪು ಬಣ್ಣ ಬಳಿದ ಮೇಲೆ ಆರರಲ್ಲಿ ಯಾವುದು ನಕಲಿಯೆಂದು ನಮಗೇ ಗುರುತು ಹತ್ತುತ್ತಿರಲಿಲ್ಲ.

ಕೊಳ್ಳುವವರು ಬರುವ ಹಿಂದಿನ ರಾತ್ರಿ ತಮ್ಮ ಬಂದು ಕುಳಿತ. ಅವನು ಹೇಳಿದ್ದರಲ್ಲಿ ನ್ಯಾಯವಿರಲಿಲ್ಲವೆಂದು ನಾವು ಹೇಳಲಾರೆವು. "ಭಾಯ್, ಬ್ರೇಕು ಹಿಡಿಯುತ್ತೆ ತಾನೆ? ಆಮೇಲೆ ನೀವು ಒಳ್ಳೆಯವರಾಗೋದಕ್ಕೆ ತಂಗಿಯ ದುಡ್ಡು ಯಾಕೆ ಕೊಡ್ತೀರಿ?" ನಮಗೆ ಉತ್ತರ ಹೊಳೆಯಲಿಲ್ಲ. ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿ(ಸ)ಯವರು ಕೈಯಿಳಿಸಿದಾಗ ಒಳಗೆ ತೇವವಿದ್ದ ಪ್ರಸಂಗವನ್ನು ನಾವು ಪ್ರತಿ ವರ್ಷ ಮಕ್ಕಳಿಗೆ ಕಲಿಸುತ್ತೇವೆ. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲಿಡಲಿಲ್ಲವೇಕೆಂದು ಅವರು ವಿಚಾರಿಸಿದರು. ಪಾಠ ಹೇಳುವಾಗ ಆ ವ್ಯಾಪಾರಿಗೆ ಒಬ್ಬ ತಂಗಿ ಇದ್ದಿರಬಹುದೆಂದು ನಾವು ಒಮ್ಮೆಯೂ ಯೋಚಿಸಿರಲಿಲ್ಲ.

ಇಂಜಿನಿಯರರು ಬಂದರು, ಓಡಿಸಿದರು, ಮೆಚ್ಚಿದರು. "ಎಲ್ಲಾ ಒರಿಜಿನಲ್ ತಾನೆ ಮೇಷ್ಟ್ರೇ?" ಎಂದು ಕೇಳಿದರು. ಆರರಲ್ಲಿ ಒಂದು ಅಲ್ಲವೆಂದು ಹೇಳಿ ಚಕ್ರವನ್ನು ತೋರಿಸಿದೆವು. ಅವರು ಬಹಳ ಹೊತ್ತು ಮೌನವಾಗಿದ್ದು, ಒಂದು ಸಿಲಿಂಡರಿನ ಬೆಲೆಯ ಪ್ರಶ್ನೆ ಅಲ್ಲ, ಮತ್ತೆ ಎಲ್ಲವನ್ನೂ ಬಿಚ್ಚಿ ನೋಡಿಸಬೇಕಾಗುತ್ತದೆ ಎಂದು ನಲವತ್ತು ಸಾವಿರ ಕಡಿಮೆ ಮಾಡಿದರು. ಒಪ್ಪಿಕೊಂಡೆವು. ಆದರೆ ಮರಳ ರಾಶಿಯ ಕಥೆಯನ್ನು ಅಂದು ಹೇಳಲಿಲ್ಲ. ಕೆಟ್ಟದ್ದನ್ನು ಸರಿಪಡಿಸಿಯಾಗಿದೆ, ಇನ್ನೇಕೆ ಎಂದು ಮನಸ್ಸು ಸಮಜಾಯಿಷಿ ಕೊಟ್ಟಿತು. ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಫೋನ್ ಮಾಡಿ ಅದನ್ನೂ ಹೇಳಿದೆವು. ಅವರು ನಕ್ಕು, "ಅದನ್ನ ನಿಮ್ಮ ಮಗ ನಿನ್ನೆನೇ ಹೇಳಿದ" ಎಂದರು.

ಬಂದದ್ದು 2,60,000. ಗಂಡುಮಕ್ಕಳಿಬ್ಬರಿಗೆ ಎರಡೆರಡು ಪಾಲು, ಹೆಣ್ಣುಮಗಳಿಗೆ ಒಂದು. ನಾವು ಬಾಯಿಬಿಟ್ಟಿದ್ದರಿಂದ ತಂಗಿಗೆ ಎಂಟು ಸಾವಿರ, ತಮ್ಮನಿಗೆ ಹದಿನಾರು ಸಾವಿರ ಕಡಿಮೆಯಾಗುತ್ತಿತ್ತು. ಮೂರು ಲಕ್ಷ ಬಂದಿದ್ದರೆ ಎಷ್ಟೋ ಅಷ್ಟನ್ನೇ ಇಬ್ಬರಿಗೂ ಕೊಟ್ಟು, ಉಳಿದ 80,000 ನಾವಿಟ್ಟುಕೊಂಡೆವು. ತಂಗಿ ಎಣಿಸದೆ ತೆಗೆದುಕೊಂಡಳು. ತಮ್ಮ ಎಣಿಸಿ ತೆಗೆದುಕೊಂಡು, ಮಾತಾಡದೆ ಹೋದ. ರಂಝಾನಿನಲ್ಲಿ ಇಫ್ತಾರಿಗೂ ಬರಲಿಲ್ಲ.

ಈದಿನ ಮರುದಿನ ಅವನ ಕಿರಿಯ ಮಗ ಶೀರ್ ಖುರ್ಮಾದ ಡಬ್ಬಿಯೊಡನೆ ಒಂದು ಲಕೋಟೆಯನ್ನು ತಂದುಕೊಟ್ಟ. ಒಳಗೆ ಎಂಟು ಸಾವಿರ ರೂಪಾಯಿಗಳಿದ್ದವು. "ಉಳಿದ ಎಂಟು ನನ್ನದೇ ಅಂತೆ, ಅಬ್ಬಾ ಹೇಳಿದರು" ಎಂದು ಹುಡುಗ ಒಪ್ಪಿಸಿ, ಖಾಲಿ ಡಬ್ಬಿಗಾಗಿ ಬಾಗಿಲಲ್ಲೇ ನಿಂತ.